ಎರಡು ಕಂಪ್ಯೂಟರು, ಒಂದು ದಾಕ್ಷಿಣ್ಯ

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ಜಾಗವಿಲ್ಲ ಎಂಬ ಗಾದೆಯನ್ನು ಮಾಡಿದವರು ನಮ್ಮ ಮನೆತನವನ್ನು ಹತ್ತಿರದಿಂದ ಬಲ್ಲವರೇ ಆಗಿರಬೇಕು. ಎದುರಿಗೆ ಕೂತವರ ಮುಖ ನೋಡಿಕೊಂಡು ‘ಬೇಡ’ ಎನ್ನುವುದು ನಮ್ಮಲ್ಲಿ ಯಾರಿಗೂ ಬಂದಿಲ್ಲ. ನಮ್ಮ ತಂದೆಯವರು ಒಮ್ಮೆ ಬಸ್ಸಿನಲ್ಲಿ ಪಕ್ಕದವರು ‘ಇಳೀರಿ, ಮನೆಗೆ ಬಂದು ಹೋಗಿ’ ಎಂದರೆಂದು ಇಳಿದು, ಎರಡು ದಿನ ಅಲ್ಲಿಯೇ ಇದ್ದು ಬಂದರು. ನಾನು ಒಂದು ಅಂಗುಲ ಚಿಕ್ಕದಾದ ಬೂಟನ್ನು ನಾಲ್ಕು ವರ್ಷ ಹಾಕಿಕೊಂಡು ಓಡಾಡಿದ್ದೇನೆ. ಅಂಗಡಿಯವನು ‘ನಿಮಗೇ ಹೇಳಿ ಮಾಡಿಸಿದ ಹಾಗಿದೆ ಸಾರ್’ ಅಂದುಬಿಟ್ಟಿದ್ದ.

ಭಾವಮೈದನ ಪೈಪಿನ ಗೋದಾಮಿನಲ್ಲಿ ಹದಿನಾಲ್ಕು ವರ್ಷ ಕೂತದ್ದೂ ಹೀಗೆಯೇ. ‘ಬರ್ತೀರಾ ಭಾವ?’ ಅಂದ, ‘ಹೂಂ’ ಅಂದೆ. ಶೌಚಾಲಯದ ಬಾಗಿಲಿಗೆ ಎದುರಾಗಿ ನನ್ನ ಕುರ್ಚಿ. ಒಳಗೆ ಹೋಗುವವರೂ ಬರುವವರೂ ನನಗೆ ನಮಸ್ಕಾರ ಹೇಳುತ್ತಿದ್ದರು. ಭಾವಮೈದ ಗಾಜಿನ ಕೋಣೆಯಿಂದ ಪೆನ್ನಿನಲ್ಲಿ ಗಾಜನ್ನು ಬಡಿದು ನನ್ನನ್ನು ಕರೆಯುತ್ತಿದ್ದ. ಈಗಲೂ ಎಲ್ಲಾದರೂ ಗಾಜು ಟಕಟಕ ಎಂದರೆ ನಾನು ಎದ್ದು ನಿಲ್ಲುತ್ತೇನೆ.

ಕೊನೆಗೆ ಧೈರ್ಯ ಮಾಡಿ ಅದನ್ನು ಬಿಟ್ಟೆ. ಧೈರ್ಯ ನನ್ನದಲ್ಲ, ನನ್ನ ಹೆಂಡತಿಯದು. ನಾವಿರುವ ಎಂಬತ್ತು ಮನೆಗಳ ಕಟ್ಟಡದ ಕೆಳಗೆ ಒಂದು ಕೋಣೆ ಖಾಲಿಯಿತ್ತು. ಅಲ್ಲಿ ಒಂದು ಲಾಂಡ್ರಿ ತೆರೆದೆ. ನಿವಾಸಿಗಳ ಸಂಘದವರು ಮೂವತ್ತು ದಿನದ ಮಟ್ಟಿಗೆ ಕೋಣೆ ಬಿಟ್ಟುಕೊಟ್ಟು, ಮೂವತ್ತನೆಯ ದಿನ, ಭಾನುವಾರ ಹನ್ನೊಂದು ಗಂಟೆಗೆ, ಸಭೆ ಸೇರಿ ಉಳಿಸುವುದೋ ಎಬ್ಬಿಸುವುದೋ ತೀರ್ಮಾನಿಸುವುದೆಂದು ಠರಾವು ಮಾಡಿದರು.

“ನೋಡಿ,” ಎಂದಳು ಹೆಂಡತಿ, “ಮೂವತ್ತು ದಿನ. ನಿಂತರೆ ಸರಿ. ಇಲ್ಲಾ ಅಂದ್ರೆ ಸೋಮವಾರ ಬೆಳಗ್ಗೆ ಅಣ್ಣನ ಗೋದಾಮಿಗೆ. ಅಣ್ಣ ಕುರ್ಚಿ ಹಾಗೇ ಇಟ್ಟಿದ್ದಾನಂತೆ.”

“ಅದೇ ಕುರ್ಚಿನಾ?”

“ಅದೇ ಕುರ್ಚಿ, ಅದೇ ಜಾಗ.”

ಕ್ಯಾಲೆಂಡರಿನಲ್ಲಿ ಆ ಭಾನುವಾರದ ಸುತ್ತ ಒಂದು ಕೆಂಪು ಗೆರೆ ಎಳೆದೆ.

ಲಾಂಡ್ರಿ ತೆರೆಯುವ ಹಿಂದಿನ ದಿನ ನಾನೊಂದು ತಪ್ಪು ಮಾಡಿದೆ. ಲಿಫ್ಟಿನಲ್ಲಿ ಸಂಘದ ಅಧ್ಯಕ್ಷರು ಸಿಕ್ಕಿ, “ಕೋಣೆಯ ಅರ್ಜಿಯಲ್ಲಿ ಬರೀ ‘ವ್ಯಾಪಾರ’ ಅಂತಿದೆ, ಏನು ವ್ಯಾಪಾರ?” ಎಂದರು. ಲಾಂಡ್ರಿ ಎನ್ನಲು ನಾಚಿಕೆಯಾಯಿತು. “ಸ್ಟಾರ್ಟಪ್ ಸಾರ್” ಎಂದುಬಿಟ್ಟೆ. ಅಧ್ಯಕ್ಷರು ಮಾಜಿ ತೆರಿಗೆ ಅಧಿಕಾರಿ. ಯಾವ ಮಾತನ್ನೂ ಅವರು ಪರಿಶೀಲಿಸದೆ ಬಿಟ್ಟವರಲ್ಲ.

“ಓಹೋ! ಹಾಗಾದ್ರೆ ಟೆಕ್ನಾಲಜಿ ಯಾವುದು? ಕಂಪನಿಯದೋ, ಓಪನ್ ಸೋರ್ಸೋ? ಸಭೆಯಲ್ಲಿ ಕೇಳ್ತೀನಿ.”

ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು. ನನ್ನ ಬಳಿ ಆಗ ಇದ್ದ ಟೆಕ್ನಾಲಜಿಯೆಂದರೆ ಒಂದು ಒಗೆಯುವ ಯಂತ್ರ, ಎರಡು ಇಸ್ತ್ರಿಪೆಟ್ಟಿಗೆ ಮತ್ತು ಒಂದು ಸೀಮೆಸುಣ್ಣ.

ಸುದ್ದಿ ಹಬ್ಬಿತು. ಅವತ್ತೇ ಸಂಜೆ ನನ್ನ ಷಡ್ಡಕ ಬಂದರು. ಇವರು ನನ್ನ ಹೆಂಡತಿಯ ಅಕ್ಕನ ಗಂಡ. ನಮ್ಮ ಮದುವೆಗೆ ಎರಡೂ ಕಡೆ ಓಡಾಡಿ ಮಾತಾಡಿದವರೇ ಇವರು. ಆದ್ದರಿಂದ ನನ್ನ ಬದುಕಿನ ಸಕಲ ಸುಖಕ್ಕೂ ತಾವೇ ಕಾರಣ ಎಂದು ಅವರ ಎಣಿಕೆ. ಅಲ್ಲ ಎನ್ನುವ ಧೈರ್ಯ ನನಗಿಲ್ಲ. ಒಂದು ದೊಡ್ಡ ಕಂಪನಿಯ ಸಾಫ್ಟ್‌ವೇರ್ ಮಾರುವುದು ಅವರ ಕೆಲಸ.

“ನೋಡಯ್ಯಾ,” ಎಂದು ಒಂದು ಕಂಪ್ಯೂಟರನ್ನು ನನ್ನ ಮೇಜಿನ ಮೇಲೆ ಕುಳ್ಳಿರಿಸಿದರು. “ಯಾವ ಗಂಟು ಯಾರದು, ಎಷ್ಟು ಶರ್ಟು, ಎಷ್ಟು ಪ್ಯಾಂಟು, ಎಲ್ಲಾ ಇದೇ ನೋಡ್ಕೊಳ್ಳುತ್ತೆ. ಕೆಟ್ಟರೆ ಫೋನ್ ಮಾಡು, ಹಿಂದೆ ಕಂಪನಿ ನಿಂತಿದೆ. ಆ ಬಿಟ್ಟಿ ಸಾಫ್ಟ್‌ವೇರ್ ಹಾಕ್ಕೊಂಡೆ ಅಂತಿಟ್ಕೋ, ಕೆಟ್ಟಾಗ ಯಾರ ಕೊರಳಪಟ್ಟಿ ಹಿಡೀತೀಯಾ?”

ನಾನು ಇಲ್ಲಿಯವರೆಗೆ ಯಾರ ಕೊರಳಪಟ್ಟಿಯನ್ನೂ ಇಸ್ತ್ರಿ ಮಾಡುವುದಕ್ಕೆ ಹೊರತು ಹಿಡಿದವನಲ್ಲ. ಆದರೂ “ನಿಜ ಅಣ್ಣಾ” ಎಂದೆ.

“ಹಾಕ್ಲಾ?”

“ಹೂಂ ಅಣ್ಣಾ. ತುಂಬಾ ಚೆನ್ನಾಗಿದೆ.”

ಮರುದಿನ ಬೆಳಗ್ಗೆ ಏಳು ಗಂಟೆಗೆ ಮೂರನೆಯ ಮಹಡಿಯ ಲೆಕ್ಕದ ಮೇಷ್ಟ್ರು ಬಂದರು. ಪ್ರೌಢಶಾಲೆಯಲ್ಲಿ ಮೂರು ವರ್ಷ ನನ್ನ ಕಿವಿ ಹಿಂಡಿದವರು ಅವರೇ. ನಿವೃತ್ತರಾದ ಮೇಲೆ ಕಂಪ್ಯೂಟರು ಕಲಿತು ಓಪನ್ ಸೋರ್ಸಿನ ಭಕ್ತರಾಗಿದ್ದರು. ಅವರನ್ನು ನೋಡಿದ ತಕ್ಷಣ ನನ್ನ ಎಡಗಿವಿ ತಾನಾಗಿಯೇ ಬಿಸಿಯಾಗುತ್ತದೆ. ಅವರ ಕಂಕುಳಲ್ಲಿಯೂ ಒಂದು ಕಂಪ್ಯೂಟರಿತ್ತು. ನಾನು ಹಾರಿ ಷಡ್ಡಕರ ಕಂಪ್ಯೂಟರಿನ ಮೇಲೆ ಒಂದು ಕಂಬಳಿ ಹೊದಿಸಿದೆ.

“ಏನೋ, ಕಂಪನಿಯವರ ಸಾಫ್ಟ್‌ವೇರ್ ತಗೋಳ್ತಿದ್ದೀಯಂತೆ?”

“ಇಲ್ಲ ಸಾರ್, ಯಾರು ಹೇಳಿದ್ದು?”

“ತಗೋಬೇಡ. ಮನೆ ನಿಂದು, ಬೀಗ ಅವರದು ಅಂದ ಹಾಗಾಗುತ್ತೆ. ಇದು ನೋಡು, ಓಪನ್ ಸೋರ್ಸ್. ಪ್ರಪಂಚದ ಮೂಲೆಮೂಲೆಯವರು ಸೇರಿ ಮಾಡಿರೋದು. ಒಳಗೆ ಏನಿದೆ ಅಂತ ಯಾರು ಬೇಕಾದ್ರೂ ನೋಡಬಹುದು, ತಿದ್ದಬಹುದು. ಬೀಗ ಹಾಕೋರು ಯಾರೂ ಇಲ್ಲ.”

“ಕೆಟ್ಟರೆ ಸಾರ್?”

“ಕೆಟ್ಟರೆ ಒಳಗೆ ಕೈ ಹಾಕಿ ಸರಿ ಮಾಡೋದು! ಲೆಕ್ಕ ತಪ್ಪಿದ್ರೆ ಪಕ್ಕದವನ ಪುಸ್ತಕ ನೋಡ್ತಿದ್ಯಲ್ಲ, ಈಗೇಕೆ ನಾಚ್ಕೆ? ಏನು, ಹಾಕ್ಲಾ?”

“ಹಾಕಿ ಸಾರ್. ತುಂಬಾ ಚೆನ್ನಾಗಿದೆ.”

ಹೀಗೆ ಒಂದೇ ಲಾಂಡ್ರಿಯಲ್ಲಿ ಎರಡು ಸಂಸಾರ ಶುರುವಾಯಿತು. ಮೇಷ್ಟ್ರು ಬೆಳಗಿನ ವಾಯುವಿಹಾರ ಮುಗಿಸಿ ಬರುವವರು. ಷಡ್ಡಕರು ಆಫೀಸು ಬಿಟ್ಟಮೇಲೆ ಬರುವವರು. ಬೆಳಗ್ಗೆ ಬಂದ ಬಟ್ಟೆಯನ್ನು ಮೇಷ್ಟ್ರ ಕಂಪ್ಯೂಟರಿಗೆ, ಸಂಜೆ ಬಂದದ್ದನ್ನು ಷಡ್ಡಕರದಕ್ಕೆ ಹಾಕುತ್ತಿದ್ದೆ. ಮಧ್ಯಾಹ್ನ ಕಂಬಳಿಯನ್ನು ಒಂದರ ಮೇಲಿಂದ ತೆಗೆದು ಇನ್ನೊಂದಕ್ಕೆ ಹೊದಿಸುವುದು. ಒಂದು ದಿನ ಮೇಷ್ಟ್ರು ಸಂಜೆ ಹಠಾತ್ತನೆ ಇಳಿದು ಬಂದಾಗ, ಷಡ್ಡಕರನ್ನು ‘ಹೊಸ ಯಂತ್ರ ನೋಡಿ ಅಣ್ಣಾ’ ಎಂದು ಒಗೆಯುವ ಯಂತ್ರದ ಹಿಂದಕ್ಕೆ ಕರೆದೊಯ್ದು ಇಪ್ಪತ್ತು ನಿಮಿಷ ಅದರ ಕೊಳವೆ ತೋರಿಸಿದೆ. ಅಷ್ಟರಲ್ಲಿ ಹೆಂಡತಿ ಕಂಬಳಿ ಎಳೆದು ಮುಚ್ಚಿ, ಮೇಷ್ಟ್ರಿಗೆ ಕಾಫಿ ಕೊಟ್ಟು ಸಾಗಹಾಕಿದಳು.

“ಒಬ್ಬರಿಗೆ ಬೇಡ ಅನ್ನಿ ಅಂದ್ರೆ!” ಎಂದಳು ಹೆಂಡತಿ.

“ಹೇಗೆ ಅನ್ನಲಿ? ಒಬ್ಬರು ನಿನ್ನನ್ನ ಕೊಡಿಸಿದೋರು, ಇನ್ನೊಬ್ಬರು ನನಗೆ ವಿದ್ಯೆ ಕೊಟ್ಟೋರು.”

“ಇಬ್ಬರೂ ಏನು ಕೊಟ್ಟಿದ್ದಾರೋ ಅದು ಕಾಣ್ತಾ ಇದೆ ಬಿಡಿ.”

ತೊಡಕೊಂದಿತ್ತು. ಎರಡು ಕಂಪ್ಯೂಟರುಗಳೂ ಗಂಟುಗಳಿಗೆ ಒಂದರಿಂದಲೇ ನಂಬರು ಕೊಡುತ್ತಿದ್ದವು. ಬೆಳಗ್ಗೆಯೂ ಒಂದು ಇಪ್ಪತ್ಮೂರು, ಸಂಜೆಯೂ ಒಂದು ಇಪ್ಪತ್ಮೂರು. ನಾನೇನು ದಡ್ಡನೇ? ಬೆಳಗಿನ ಗಂಟಿಗೆ ಬಿಳಿ ಬಟ್ಟೆಪಟ್ಟಿ, ಸಂಜೆಯದಕ್ಕೆ ಹಳದಿ ಬಟ್ಟೆಪಟ್ಟಿ ಕಟ್ಟಿ, ಅದರ ಮೇಲೆ ನಂಬರು ಬರೆದೆ. ಈ ಉಪಾಯ ಹೊಳೆದ ದಿನ ನನಗೆ ನನ್ನ ಬಗ್ಗೆಯೇ ಗೌರವ ಬಂದಿತ್ತು.

ಸಭೆಯ ಹಿಂದಿನ ದಿನ ಇಡೀ ಕಟ್ಟಡ ಬಟ್ಟೆ ತಂದು ಸುರಿಯಿತು. ಒಳ್ಳೆಯ ಹೆಸರು ತೆಗೆದುಕೊಳ್ಳಬೇಕೆಂಬ ಆತುರ ನನಗೆ. ಬಿಳುಪು ಹೊಳೆಯಲಿ ಎಂದು ನೀರನ್ನು ಕುದಿಯುವ ಹಾಗೆ ಕಾಯಿಸಿ ಬಿಟ್ಟೆ. ಬಿಳಿ ಬಟ್ಟೆ ಹೊರಗೆ ಬಂದಾಗ ನಿಜಕ್ಕೂ ಹಾಲಿನಂತಿತ್ತು. ಹಳದಿ ಪಟ್ಟಿಗಳೂ ಹಾಲಿನಂತೆಯೇ ಇದ್ದವು.

ಯಾವ ಇಪ್ಪತ್ಮೂರು ಯಾವುದೋ! ಕೂಡಿಸಿ, ಕಳೆದು, ಊಹೆಯ ಮೇಲೆ ಭಾನುವಾರ ಬೆಳಗ್ಗೆ ಎಂಟಕ್ಕೆ ಮನೆಮನೆಗೆ ಗಂಟು ಮುಟ್ಟಿಸಿದೆ. ಅರ್ಧದಷ್ಟಾದರೂ ಸರಿಯಾದೀತು ಎಂಬ ಆಸೆ.

ಒಂಬತ್ತು ಗಂಟೆಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿತು.

ಮೊದಲು ಬಂದವರು ಪೊಲೀಸ್ ಇನ್ಸ್‌ಪೆಕ್ಟರು. ಅವರ ಮೈಮೇಲೆ ಡ್ಯಾನ್ಸ್ ಟೀಚರಮ್ಮನ ನೀಲಿ ಹೂವಿನ ಗೌನಿತ್ತು. “ನನ್ನ ಯೂನಿಫಾರಂ ಎಲ್ಲ್ರೀ? ಹನ್ನೆರಡಕ್ಕೆ ಡ್ಯೂಟಿ! ಇದ್ದಬದ್ದದ್ದೆಲ್ಲಾ ನಿಮಗೇ ಕೊಟ್ಟಿದ್ದೆ, ಸ್ನಾನ ಮಾಡಿ ಗಂಟು ಬಿಚ್ಚಿದ್ರೆ ಇದು!” ಅವರ ಹಿಂದೆಯೇ ಡ್ಯಾನ್ಸ್ ಟೀಚರಮ್ಮ, “ಅದು ನಂದು! ಹೊಲಿಗೆ ಬಿಡ್ತಾ ಇದೆ, ಉಸಿರಾಡಬೇಡಿ!” ಎಂದು ಕೂಗುತ್ತ ಬಂದರು. ಆಮೇಲೆ ಸಕ್ಕರೆ ಕಾಯಿಲೆಯ ಡಾಕ್ಟರು, ವಕೀಲರು, ವಕೀಲರ ಹೆಂಡತಿ, ವಿಮಾ ಏಜೆಂಟರು. ಒಬ್ಬೊಬ್ಬರೂ ಗಂಟನ್ನು ಮೇಜಿನ ಮೇಲೆ ಎಸೆದರು. ಗಂಟುಗಳು ಬಿಚ್ಚಿಕೊಂಡು, ನಂಬರಿನ ಪಟ್ಟಿಗಳು ಉದುರಿ, ಬಟ್ಟೆ ಕಲೆತು, ನೋಡನೋಡುತ್ತ ನನ್ನ ಮೇಜಿನ ಮೇಲೆ ಬಿಳಿ ಶರ್ಟುಗಳ ಒಂದು ಗುಡ್ಡವೇ ಎದ್ದಿತು.

ಹತ್ತೂವರೆಗೆ ಅಧ್ಯಕ್ಷರು ಇಡೀ ಸಮಿತಿಯನ್ನು ಕರೆದುಕೊಂಡು ಇಳಿದರು. “ಸಭೆ ಇಲ್ಲೇ ಆಗಲಿ. ಸ್ಥಳ ಪರಿಶೀಲನೆ.” ಬಾಗಿಲಲ್ಲಿ ಭಾವಮೈದ ಕಾರಿನ ಬೀಗದ ಕೈಯಿಂದ ಗಾಜನ್ನು ಟಕಟಕ ಬಡಿಯುತ್ತಿದ್ದ. ನಾನು ನಿಂತೇ ಇದ್ದೆ. ಇನ್ನೂ ನೆಟ್ಟಗೆ ನಿಂತೆ.

“ಏನ್ ಭಾವ, ಹೋಗೋಣವಾ? ನಾಳೆ ಬೆಳಗ್ಗೆ ಅಂದಿದ್ಳು ತಂಗಿ, ಹೇಗೂ ಈ ಕಡೆ ಬಂದಿದ್ದೆ.”

ಇಂಥ ಮುಹೂರ್ತಕ್ಕೆ ಷಡ್ಡಕರೂ ಮೇಷ್ಟ್ರೂ ಒಟ್ಟಿಗೇ ಬರಬೇಕೇ? ಬಂದರು. ಒಬ್ಬರು ಎಡಗಡೆಯಿಂದ, ಒಬ್ಬರು ಬಲಗಡೆಯಿಂದ.

“ಗಾಬರಿಯಾಗಬೇಡಿ,” ಎಂದರು ಷಡ್ಡಕರು, “ನಮ್ಮ ಸಿಸ್ಟಂನಲ್ಲಿ ಎಲ್ಲಾ ಇದೆ.”

“ಯಾವ ಸಿಸ್ಟಂ?” ಎಂದರು ಮೇಷ್ಟ್ರು. “ಇಲ್ಲಿರೋದು ನಂದು.”

ಅವತ್ತು ಎರಡು ಕಂಪ್ಯೂಟರುಗಳನ್ನೂ ಒಟ್ಟಿಗೇ ಮುಚ್ಚಿಟ್ಟಿದ್ದೆ. ಇಬ್ಬರೂ ಒಂದೇ ಕಂಬಳಿಯ ಎರಡು ತುದಿ ಹಿಡಿದರು. ಕಂಬಳಿ ಜಾರಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ, ಆ ನೋಟ ತಾಳುವುದು ಕಷ್ಟವಾಯಿತು.

“ಅದೆಲ್ಲಾ ಆಮೇಲೆ!” ಎಂದರು ಇನ್ಸ್‌ಪೆಕ್ಟರು. “ಮೊದಲು ನನ್ನ ಪ್ಯಾಂಟು!”

ಷಡ್ಡಕರು ಗುಂಡಿ ಒತ್ತಿದರು. ಪರದೆ ಬೆಳಗಿತು: ‘ನಿಮ್ಮ ಮೂವತ್ತು ದಿನಗಳ ಪ್ರಯೋಗಾವಧಿ ಮುಗಿದಿದೆ. ಪಟ್ಟಿ ನೋಡಲು ಪರವಾನಗಿ ಸಂಖ್ಯೆ ಹಾಕಿ.’ ಷಡ್ಡಕರು ಕೆಮ್ಮಿ ಕಂಪನಿಗೆ ಫೋನ್ ಮಾಡಿದರು. ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದಿತು ಫೋನು. ಇನ್ಸ್‌ಪೆಕ್ಟರು ಕಿತ್ತುಕೊಂಡರು.

“ಹಲೋ! ನಾನು ಇನ್ಸ್‌ಪೆಕ್ಟರು ಮಾತಾಡ್ತಿರೋದು! ಪಟ್ಟಿ ಬಿಚ್ಚಿ!”

‘ಮುಂದುವರಿಯಲು ಒಂದನ್ನು ಒತ್ತಿ’ ಎಂದಿತು ಆ ಕಡೆಯ ಹೆಣ್ಣು ದನಿ, ಒಂದಿಷ್ಟೂ ಹೆದರದೆ. ಇನ್ಸ್‌ಪೆಕ್ಟರು ಒತ್ತಿದರು. ಈ ದಿನ ಭಾನುವಾರ, ಸೋಮವಾರ ಕರೆ ಮಾಡಿ ಎಂದು ಹೇಳಿ ಅದು ಇಟ್ಟುಬಿಟ್ಟಿತು. ಗೌನಿನ ಬೆನ್ನಿನ ಹೊಲಿಗೆ ಪರ್ ಎಂದು ಬಿಟ್ಟಿತು.

“ನೋಡಿದ್ರಾ!” ಎಂದರು ಮೇಷ್ಟ್ರು. “ಬೀಗ ಅವರದು ಅಂತ ಹೇಳಲಿಲ್ವಾ?” ತಮ್ಮದನ್ನು ತೆರೆದರು. ಬೆಳಗಿನ ಪಟ್ಟಿ ಅಚ್ಚುಕಟ್ಟಾಗಿ ಬಂತು. ಎಲ್ಲರೂ ಹತ್ತಿರ ನುಗ್ಗಿದರು. ಆದರೆ ಎದುರಿಗಿರುವುದು ನಂಬರಿಲ್ಲದ ಶರ್ಟಿನ ಗುಡ್ಡ. “ಪರವಾಗಿಲ್ಲ. ಶರ್ಟಿನ ಅಳತೆಯಿಂದಲೂ ಹುಡುಕೋ ಹಾಗೆ ಮಾಡಿಬಿಡ್ತೀನಿ. ಇದನ್ನ ಯಾರು ಬೇಕಾದ್ರೂ ತಿದ್ದಬಹುದು, ಅದೇ ಇದರ ಸೊಗಸು,” ಎಂದು ಮೇಷ್ಟ್ರು ಒಳಗೆ ಕೈ ಹಾಕಿ ತಿದ್ದಿದರು. ಪಟ್ಟಿ ಮಾಯವಾಯಿತು. ಮೇಷ್ಟ್ರು ಪ್ರಪಂಚದ ಮೂಲೆಮೂಲೆಯವರಿಗೆ ಬರೆದು ಕೇಳಿದರು. ಯಾವುದೋ ಮೂಲೆಯಿಂದ ತಕ್ಷಣ ಉತ್ತರ ಬಂತು: ‘ನಮ್ಮಲ್ಲಿ ಸರಿಯಾಗಿಯೇ ಇದೆ. ನೀವು ಪುಸ್ತಕ ಓದಿದ್ದೀರಾ?’ ಮೂವತ್ತೈದು ವರ್ಷ ಇದೇ ಪ್ರಶ್ನೆಯನ್ನು ಮಕ್ಕಳಿಗೆ ಕೇಳಿದವರು ಮೇಷ್ಟ್ರು. ಅವರ ಎಡಗಿವಿ ಕೆಂಪಾದದ್ದನ್ನು ನಾನು ಮೊದಲ ಸಲ ನೋಡಿದೆ.

ಜನ ತಾಳ್ಮೆಗೆಟ್ಟು ಗುಡ್ಡಕ್ಕೇ ಕೈಹಾಕಿದರು. ಇಲ್ಲೊಂದು ವಿಶೇಷ ಕಂಡಿತು. ಹೊಸದಾಗಿ ಹೊಳೆಯುವ ಶರ್ಟೊಂದಕ್ಕೆ ಐದು ಜನ ಒಡೆಯರು ಹುಟ್ಟಿಕೊಂಡರು. ಹಳೆಯದರ ಕಡೆ ಯಾರೂ ತಿರುಗಿಯೂ ನೋಡಲಿಲ್ಲ.

“ಬಿಡ್ರೀ, ಇದು ನಂದು!” ಎಂದು ಅಧ್ಯಕ್ಷರು ಆ ಹೊಸ ಶರ್ಟಿನ ತೋಳು ಹಿಡಿದು ಎಳೆಯುತ್ತಿದ್ದರು.

ಪಾಪ, ಅವರಿಗೆ ಸಹಾಯ ಮಾಡೋಣ ಎಂದು ನನ್ನ ಮನಸ್ಸು ಕರಗಿತು. ಗುಡ್ಡದಿಂದ ಒಂದು ಶರ್ಟು ಎತ್ತಿದೆ. “ಅದಲ್ಲ ಸಾರ್, ತಮ್ಮದು ಇದು. ಕಾಲರ್ ಹರಿದಿದೆ ಅಂತ ತಿರುಗಿಸಿ ಹೊಲಿಸಿದ್ದೀರಲ್ಲ. ಒಂದಲ್ಲ, ಎರಡು ಸಲ.”

ಕಟ್ಟಡದ ಮರ್ಯಾದೆ, ಅಂತಸ್ತು ಎಂದು ಪ್ರತಿ ತಿಂಗಳೂ ಸುತ್ತೋಲೆ ಹೊರಡಿಸುವ ಅಧ್ಯಕ್ಷರು ತೋಳು ಬಿಟ್ಟರು.

ನಾನಾದರೂ ಅಲ್ಲಿಗೆ ನಿಲ್ಲಿಸಬಾರದಿತ್ತೇ? ಹದಿನಾಲ್ಕು ವರ್ಷ ಪೈಪು ನೋಡಿದರೂ ಒಂದು ಪೈಪಿನ ಗುರುತು ಹಿಡಿಯದವನು ನಾನು. ಮೂವತ್ತು ದಿನ ಇಸ್ತ್ರಿ ಮಾಡಿದ ಪ್ರತಿ ಶರ್ಟೂ ಬೆರಳಿಗೆ ಗೊತ್ತಿತ್ತು! ಇದು ಗೊತ್ತಾದ ಸಂತೋಷಕ್ಕೆ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

“ಇನ್ಸ್‌ಪೆಕ್ಟರೇ, ಇಗೋ ಯೂನಿಫಾರಂ, ತಳದಲ್ಲಿತ್ತು. ಪ್ಯಾಂಟಿನ ಸೊಂಟಕ್ಕೆ ಒಳಗಿನಿಂದ ಎಲಾಸ್ಟಿಕ್ ಹೊಲಿದಿರೋದು ನಿಮ್ಮದೊಂದೇ. ಏಜೆಂಟರೇ, ಇದು ನಿಮ್ಮದು, ಕಾಲರಿಗೆ ಕೂದಲ ಬಣ್ಣ ಹತ್ತಿದೆ. ಡಾಕ್ಟರೇ, ಇದು ತಮ್ಮದು. ಜೇಬಿನಲ್ಲಿ ಚಾಕಲೇಟು ಕರಗಿ ಅಂಟಿಕೊಂಡಿತ್ತು, ತುಂಬಾ ಉಜ್ಜಿದೆ. ವಕೀಲರೇ, ಇದು ನಿಮ್ಮದು. ಸಿಗರೇಟು ತಾಗಿ ತೂತಾಗಿದೆ ನೋಡಿ, ಹೊಸ ತೂತು.”

“ಬಿಟ್ಟು ಎರಡು ವರ್ಷ ಆಯ್ತು ಅಂದ್ರಲ್ರೀ!” ಎಂದರು ವಕೀಲರ ಹೆಂಡತಿ.

“ರೀ, ಸಾಕು!” ಎಂದು ನನ್ನ ಹೆಂಡತಿ ನನ್ನ ಕಾಲು ತುಳಿದಳು. ಅಷ್ಟು ಹೊತ್ತಿಗೆ ಮೇಜು ಖಾಲಿಯಾಗಿತ್ತು. ಎಲ್ಲರ ಕೈಯಲ್ಲೂ ಅವರವರ ಬಟ್ಟೆಯಿತ್ತು. ಎಲ್ಲರ ಕಣ್ಣೂ ನೆಲದ ಮೇಲಿತ್ತು. ನಾನೇನು ಮಾಡಿದೆನೆಂಬುದು ನನಗೆ ಆಗ ಅರ್ಥವಾಯಿತು. ಮುಗಿಯಿತು ಅಂದುಕೊಂಡೆ. ಶೌಚಾಲಯದ ಬಾಗಿಲು ಕಣ್ಣೆದುರು ತೆರೆದು ಮುಚ್ಚಿತು.

ಸಮಿತಿಯವರು ಒಗೆಯುವ ಯಂತ್ರದ ಹಿಂದೆ ಗುಂಪಾಗಿ ನಿಂತು ಪಿಸುಗುಟ್ಟಿದರು. ಪಿಸುಮಾತು ನನಗೆ ಚೆನ್ನಾಗಿ ಕೇಳಿಸುತ್ತಿತ್ತು.

“ಎಬ್ಬಿಸಿಬಿಡೋಣ. ಏನು ಬಾಯಿ ರೀ ಅದು!”

“ಎಬ್ಬಿಸಿದ್ರೆ ಪಕ್ಕದ ಕಟ್ಟಡದಲ್ಲಿ ಅಂಗಡಿ ಹಾಕ್ತಾನೆ,” ಎಂದರು ಡಾಕ್ಟರು. “ಅಲ್ಲಿ ನನ್ನ ಮೂವತ್ತು ಜನ ಪೇಷೆಂಟುಗಳಿದ್ದಾರೆ.”

“ಹೌದಲ್ಲ! ಇಂಥೋನು ನಮ್ಮ ಕಣ್ಣೆದುರಿಗೆ ಇರಬೇಕು,” ಎಂದರು ಇನ್ಸ್‌ಪೆಕ್ಟರು, ಅನುಭವದ ಮೇಲೆ.

ಅಧ್ಯಕ್ಷರು ಹೊರಗೆ ಬಂದು ಗಂಟಲು ಸರಿಮಾಡಿಕೊಂಡರು. “ಕೋಣೆಯನ್ನ ಇವರಿಗೇ ಕೊಡೋದು ಅಂತ ಸರ್ವಾನುಮತದ ತೀರ್ಮಾನ. ಒಂದು ಷರತ್ತು. ಇಲ್ಲಿ ಎರಡು ಕಂಪ್ಯೂಟರು ಇರಕೂಡದು. ಕಂಪನಿಯದೋ, ಓಪನ್ ಸೋರ್ಸೋ, ಯಾವುದು ಬೇಡ ಅಂತ ಈಗಲೇ, ನಮ್ಮೆಲ್ಲರ ಎದುರಿಗೆ, ಇವರೇ ಹೇಳಬೇಕು. ಹೇಳದಿದ್ರೆ ಕೋಣೆ ಖಾಲಿ.”

ಷಡ್ಡಕರು ಎಡಗಡೆ. ಮೇಷ್ಟ್ರು ಬಲಗಡೆ. ಬಾಗಿಲಲ್ಲಿ ಭಾವಮೈದ ಮತ್ತೆ ಗಾಜು ಬಡಿದ. ಹೆಂಡತಿಯ ಕಡೆ ನೋಡಿದೆ. ಅವಳ ಕಣ್ಣು ತುಂಬಿತ್ತು. ಈ ಲಾಂಡ್ರಿ ನಿಲ್ಲಬೇಕೆಂದು ಅವಳಿಗೆ ನನಗಿಂತ ಹೆಚ್ಚು ಆಸೆಯಿತ್ತೆಂದು ನನಗೆ ಅದುವರೆಗೆ ತಿಳಿದಿರಲಿಲ್ಲ.

ಪ್ರಯೋಗಾವಧಿ, ಪರವಾನಗಿ, ಭಾನುವಾರದ ಫೋನು ಎಲ್ಲ ತಲೆಯಲ್ಲಿ ಸುತ್ತಿದವು. ನನ್ನದೇ ಪಟ್ಟಿ ನನಗೇ ತೆರೆಯದಿದ್ದರೆ ಹೇಗೆ? ಕೆಟ್ಟರೂ ತೆರೆದುಕೊಂಡಿರುವುದೇ ವಾಸಿ.

“ಅಣ್ಣಾ,” ಎಂದೆ. ದನಿ ನನ್ನದಲ್ಲವೆನಿಸಿತು. “ಮೇಷ್ಟ್ರದ್ದು ಇರಲಿ. ನಿಮ್ಮದು... ನಿಮ್ಮದು ಬೇಡ.”

ನಲವತ್ತೆರಡು ವರ್ಷದಲ್ಲಿ ನಾನು ಆಡಿದ ಮೊದಲ ‘ಬೇಡ’ ಅದು. ಚಾವಣಿ ಬೀಳುತ್ತದೆಂದು ಕಾದೆ. ಷಡ್ಡಕರು ಬಟ್ಟೆಯ ಬುಟ್ಟಿಯ ಮೇಲೆ ಕುಸಿದು ಕೂತರು. ಎದೆಗೆ ಏನಾದರೂ ಆಯಿತೇನೋ ಎಂದು ಡಾಕ್ಟರು ಓಡಿಬಂದರು.

“ಅಬ್ಬಾ, ಉಳ್ಕೊಂಡೆ!” ಎಂದರು ಷಡ್ಡಕರು. “ಇದು ಲಾಂಡ್ರಿಗೆ ಮಾಡಿದ್ದೇ ಅಲ್ಲಯ್ಯಾ, ಆಸ್ಪತ್ರೆಗೆ ಮಾಡಿದ್ದು. ವಾಪಸ್ ತಗೊಂಡು ಹೋಗೋಣ ಅಂತ ಎಷ್ಟೋ ಸಲ ಬಂದೆ. ಬಂದಾಗಲೆಲ್ಲಾ ನೀನು ‘ತುಂಬಾ ಚೆನ್ನಾಗಿದೆ ಅಣ್ಣಾ’ ಅಂತೀಯ. ಹೇಗೆ ಕೇಳಲಿ? ದಿನಾ ಆಫೀಸಿಂದ ನೇರ ಇಲ್ಲಿಗೆ ಬಂದು ಬಂದು ಮನೇಲಿ ನಿಮ್ಮಕ್ಕನ ಕೈಲಿ ಬೈಸ್ಕೊಂಡಿದ್ದೀನಿ.” ಅವರು ಕಂಪ್ಯೂಟರನ್ನು ಎತ್ತಿ ಎದೆಗವಚಿಕೊಂಡು, ಭಾವಮೈದನ ಕಾರಿನಲ್ಲಿಯೇ ಕೂತು ಹೊರಟುಹೋದರು. ಭಾವಮೈದ ಒಂದು ಸಲ ತಿರುಗಿ ನೋಡಿದ. ನನ್ನ ಹೆಂಡತಿ ಬಾಗಿಲು ಹಾಕಿದಳು.

ಗೆದ್ದೆನಲ್ಲ ಎಂದು ಬಲಗಡೆ ತಿರುಗಿದೆ. ಮೇಷ್ಟ್ರು ಬಿಳಿಚಿಕೊಂಡು ನಿಂತಿದ್ದರು. ಪಟ್ಟಿ ಮಾಯವಾದ ಪರದೆಯನ್ನು ನೋಡಿದರು, ಗೋಡೆಗೊರಗಿಸಿದ್ದ ತಮ್ಮ ವಾಯುವಿಹಾರದ ಕೋಲನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

“ಹಾಗಾದ್ರೆ ನಾಳೆಯಿಂದ ದಿನಾ ನಾನೇ ಬಂದು ಇದನ್ನ ನೋಡ್ಕೋಬೇಕೇನಪ್ಪಾ?”

“ಹೂಂ ಸಾರ್. ನೀವಿದ್ದೀರಲ್ಲ ಅಂತಾನೇ.”

ಮೇಷ್ಟ್ರು ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು.

“ಆಯ್ತಪ್ಪಾ,” ಎಂದರು. “ತುಂಬಾ ಸಂತೋಷ.”

ಆ ‘ಆಯ್ತು’ ಎಂಥದ್ದೆಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.